ಪಕ್ಕದ ಮನೆಗೆ ಕೊಟ್ಟುಹೋದ ಕ್ಷಮೆ

ಬ್ರಿಟಿಷ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದ ಮಾನ್ಯ ಅಧಿಕಾರಿಗಳೇ,

ನಿಮ್ಮ ಕ್ಷಮೆ ಬೇರೆಯವರಿಗೆ ತಲುಪಿದೆ. ಮನೆಯಲ್ಲಿ ಯಾರೂ ಇಲ್ಲದಾಗ ಇಲ್ಲಿ ಮ್ಯಾಂಚೆಸ್ಟರಿನಲ್ಲಿ ಅಂಚೆಯವರು ಪಾರ್ಸೆಲನ್ನು ಪಕ್ಕದ ಮನೆಗೆ ಕೊಟ್ಟು, ಬಾಗಿಲಲ್ಲಿ ಚೀಟಿ ಬಿಟ್ಟು ಹೋಗುತ್ತಾರಲ್ಲ, ಹಾಗೇ ಆಗಿದೆ. ನಮಗೆ ಚೀಟಿಯೂ ಸಿಕ್ಕಿಲ್ಲ. ಇದನ್ನು ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಭಾಷಾಂತರಕಾರರನ್ನು ಹುಡುಕುವ ಸರದಿ ಈಗ ನಿಮ್ಮದು.

ಕಳೆದ ತಿಂಗಳ ಸಮಾರಂಭ ನೆನಪಿರಬಹುದು, ಚಹಾ ಚೆನ್ನಾಗಿತ್ತು. ನೂರು ವರ್ಷದ ಹಿಂದೆ ನಿಮ್ಮ ಅರಣ್ಯಾಧಿಕಾರಿಯೊಬ್ಬರು ಕಬಿನಿ ಕಡೆಯ ಜೇನುಕುರುಬರ ಹಾಡಿಯೊಂದರಿಂದ ದೇವರ ಬೆತ್ತವನ್ನು ಎತ್ತಿಕೊಂಡು ಬಂದರು. ಅದೀಗ ನಿಮ್ಮ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿದೆ. ಅದಕ್ಕೆ ಕ್ಷಮೆ ಕೇಳಲು ನೀವು ಮೂಲನಿವಾಸಿಗಳನ್ನು ಹುಡುಕಿದಿರಿ. ಸಿಕ್ಕವರು ಲಫ್‌ಬರೋ ಊರಿನಲ್ಲಿ ಕ್ಲಿನಿಕ್ ನಡೆಸುವ ಮೈಸೂರಿನ ಡಾಕ್ಟರ್ ದತ್ತಾತ್ರೇಯ. ಕರ್ನಾಟಕದವರು, ಮೈಬಣ್ಣ ಸರಿಯಾಗಿದೆ, ಕರೆದರೆ ಬರುತ್ತಾರೆ, ಇನ್ನೇನು ಬೇಕು? ಅವರ ಮುತ್ತಾತನನ್ನು ಯಾರೂ ಕಾಡಿನಿಂದ ಓಡಿಸಿರಲಿಲ್ಲ. ನಮ್ಮ ತಾತ ಜೇನು ಮಾರಲು ಹೋದಾಗ ಅಂಥ ಮನೆಗಳವರು ಹಿತ್ತಲ ಬಾಗಿಲಿಗೆ ಬಾ ಅನ್ನುತ್ತಿದ್ದರು, ಅಷ್ಟೆ.

ಕ್ಷಮಾಪಣೆ ಕನ್ನಡದಲ್ಲೂ ಕೇಳಿಸಬೇಕೆಂಬ ಆಸೆ ನಿಮಗೆ. ಅದಕ್ಕೆ ವಿಶ್ವವಿದ್ಯಾಲಯದಿಂದ ನನ್ನನ್ನು ಕರೆಸಿದಿರಿ. ನಿಮಗಿಂತ ಸೊಗಸಾಗಿ ಇಂಗ್ಲಿಷ್ ಮಾತಾಡುವ ಡಾಕ್ಟರಿಗೆ ನಿಮ್ಮ ಪಶ್ಚಾತ್ತಾಪವನ್ನು ಕನ್ನಡ ಮಾಡಿ ಹೇಳಿದೆ. ಅವರು, ಪಾಪ, ತಲೆಯಾಡಿಸಿದರು. ನಡುವೆ ನಮ್ಮ ಹಾಡಿಯ ಹೆಸರು ಬಂದಾಗ ಅದನ್ನು ಎರಡು ಸಲ ಓದಿದೆ, ಮುಂದಿನ ಸಾಲು ತಪ್ಪಿಹೋಯಿತು. ನೀವು ದಯೆಯಿಂದ ನೀರು ಕೊಟ್ಟಿರಿ, ಯಾಕೆಂದು ಕೇಳಲಿಲ್ಲ. ಆಮೇಲೆ ಫ್ರೇಮು ಹಾಕಿಸಿದ ಕ್ಷಮಾಪತ್ರವನ್ನು ಅವರ ಕೈಗಿತ್ತು ಫೋಟೊ ತೆಗೆಸಿದಿರಿ. ಬೆತ್ತ ಗಾಜಿನೊಳಗೇ ಉಳಿಯಿತು.

ಕನ್ನಡದವರು ಇಬ್ಬರು ಎಲ್ಲಿ ಸಿಕ್ಕರೂ ಮೊದಲು ಕೇಳುವುದು ಊರು. ಕಾರ್ ಪಾರ್ಕಿನಲ್ಲಿ ಡಾಕ್ಟರು ಕೇಳಿದರು, "ಯಾವೂರಮ್ಮ ನಿಮ್ದು?"

ಹೇಳಿದೆ.

"ಅಂದ್ರೆ, ಅದೇ ಹಾಡೀನಾ?"

"ಹೌದು ಸಾರ್. ಆ ಬೆತ್ತ ನಮ್ಮಜ್ಜಿ ಮನೇದು."

ಅವರು ಫ್ರೇಮನ್ನು ನನ್ನ ಕಡೆ ಚಾಚಿದರು. "ಐ ಫೀಲ್ ಟೆರಿಬಲ್. ನೀವೇ ತಗೊಂಡ್ಬಿಡಿ."

"ಅಜ್ಜಿಗೆ ಸೇರ್ಬೇಕಾದ್ದು ಸಾರ್, ನಾನು ಹೇಗೆ ತಗೊಳ್ಲಿ?"

ಅದೀಗ ಅವರ ಕಾರಿನ ಡಿಕ್ಕಿಯಲ್ಲಿ ಕೂತಿದೆ. ಇಷ್ಟೊಂದು ಸಮಿತಿ, ಸಂಶೋಧಕರು, ಸಲಹೆಗಾರರು ಇದ್ದೂ ಯಾವೂರು ಎಂಬ ಈ ಒಂದು ಪ್ರಶ್ನೆ ನಿಮಗೆ ಹೊಳೆಯಲಿಲ್ಲವೇ?

ಅಜ್ಜಿ ಪುಟ್ಟಮ್ಮನಿಗೆ ಫೋನ್ ಮಾಡಿದೆ. ಪ್ರತಿ ಹಬ್ಬಕ್ಕೂ ಅವಳು ಬೆತ್ತದ ಜಾಗದಲ್ಲಿಡಲು ಕಾಡಿನಿಂದ ಹಸಿ ಕೋಲು ಕಡಿದು ತರುತ್ತಾಳೆ. "ಬೆತ್ತ ಊರಿಗೆ ಹೋಗೈತೆ, ಬರ್ತದೆ" ಅನ್ನುತ್ತಾಳೆ. ಅವಳ ತಾಯಿಯೂ ಹಾಗೇ ಅನ್ನುತ್ತಿದ್ದಳಂತೆ.

"ತಪ್ಪಾಯ್ತು ಅಂದ್ರು ಅಜ್ಜಿ," ಅಂದೆ.

"ಯಾರಿಗಂದ್ರು ಮಗ?"

ನನಗೆ ಅಳು ಬಂತು. "ನಿಂಗೇ ಹೇಳಕ್ಕೆ ಬರ್ತಾರೆ. ಈ ಸಲ ಹಬ್ಬಕ್ಕೆ ಕೋಲು ಕಡೀಬ್ಯಾಡ" ಅಂದುಬಿಟ್ಟೆ. ನಿಮ್ಮನ್ನು ಕೇಳದೆ ನಿಮ್ಮ ಪರವಾಗಿ ಮಾತು ಕೊಟ್ಟಿದ್ದೇನೆ. ನಮ್ಮ ಪರವಾಗಿ ಯಾರನ್ನೋ ಆರಿಸಿದವರು ನೀವು, ಬೇಸರ ಮಾಡಿಕೊಳ್ಳಲಾರಿರಿ.

ಆದ್ದರಿಂದ ಬೆತ್ತವನ್ನು ತೆಗೆದುಕೊಂಡು ಹಾಡಿಗೆ ಬನ್ನಿ. ಅಜ್ಜಿಯ ಎದುರು ನೆಲದ ಮೇಲೆ ಕೂತು ಹೇಳಿ. ವಿಲ್ಮ್ಸ್‌ಲೋ ರಸ್ತೆಯ ಬಸ್ಸಿನಲ್ಲಿ ನಾನು ಕಾಲು ತುಳಿದರೆ ತುಳಿಸಿಕೊಂಡವರೇ ಸಾರಿ ಅನ್ನುತ್ತಾರೆ; ಅಂಥ ನಾಡಿನವರಿಗೆ ತಾವು ತುಳಿದದ್ದಕ್ಕೆ ಹೇಳುವುದು ಕಷ್ಟವಾಗಬಾರದು. ಹಾಡಿಗೆ ಪೋಸ್ಟ್‌ಕೋಡ್ ಇಲ್ಲ ಅನ್ನಬೇಡಿ. ನಿಮ್ಮ ಅರಣ್ಯಾಧಿಕಾರಿಗೆ ದಾರಿ ಸಿಕ್ಕಿತ್ತು. ಭಾಷಾಂತರಕ್ಕೆ ನಾನೇ ಬರುತ್ತೇನೆ.

ಹಬ್ಬ ಹತ್ತಿರ ಬಂತು. ಅಜ್ಜಿ ನನ್ನ ಮಾತು ನಂಬಿ ಕೋಲು ಕಡಿಯುವ ಮಚ್ಚನ್ನು ಸೂರಿಗೆ ಸಿಕ್ಕಿಸಿಟ್ಟಿದ್ದಾಳೆ.

ಇಂತಿ,
ತನ್ನವರಿಗೆ ಬರಬೇಕಾದ ಕ್ಷಮೆಯನ್ನು ಬೇರೆಯವರಿಗೆ ಓದಿ ಹೇಳಿದ
ಇಂಚರಾ
ಫಾಲೋಫೀಲ್ಡ್, ಮ್ಯಾಂಚೆಸ್ಟರ್