ಕೌದಿ ಹೊದ್ದ ಬಟ್ಟಲು

ನವೆಂಬರ್ ೧೪, ಗುರುವಾರ, ಬುಸಾನ್

ಆ ಅನ್ನ ನಾನು ಉಣ್ಣಬಾರದಿತ್ತು.

ಬೀದಿ ಕೊನೆಯ ಬಟ್ಟಲೂಟದ ಅಂಗಡಿಯ ಓಕ್‌ಬುನ್ ಚಿಕ್ಕಮ್ಮ ದಿನವೂ ಮೊದಲ ಬಟ್ಟಲು ಅನ್ನಕ್ಕೆ ಮುಚ್ಚಳ ಹಾಕಿ, ಚಳಿಗೆಂದು ಅಡಿಯಿಂದ ಕಾಯಿಸುವ ಬಿಸಿ ನೆಲದ ಮೇಲಿಟ್ಟು, ಆರದಂತೆ ಕೌದಿ ಹೊದಿಸುತ್ತಾಳೆ. ಕಡಲಿಗೆ ಹೋಗಿ ಮರಳದ ಮಗನಿಗೆಂದು.

ಇಂದು ನಾನು ಹೋಗುವಷ್ಟರಲ್ಲಿ ಅನ್ನ ಮುಗಿದಿತ್ತು. ಆ ಬಟ್ಟಲನ್ನೇ ತಂದು, ಸೊಪ್ಪು, ಮೊಟ್ಟೆ, ಮೆಣಸಿನ ಗೊಜ್ಜು ಹಾಕಿ ತಾನೇ ಕಲಸಿಕೊಟ್ಟಳು.

"ಚಿಕ್ಕಮ್ಮಾ, ಇದು ಅವನದ್ದಲ್ವಾ?"

"ಬಾಯಿ ಮುಚ್ಕೊಂಡು ತಿನ್ನು, ಆರೋಗುತ್ತೆ."

ತಿಂದೆ. ಏಳುವಾಗ ಕೇಳಿದಳು, "ಹೊಟ್ಟೆ ತುಂಬ್ತಾ?"

"ಹೂಂ, ಅಮ್ಮಾ" ಎಂದೆ. ಎಂದೂ ಹಾಗೆ ಕರೆದವನಲ್ಲ ನಾನು.

ಅವಳು ತಿರುಗಿಯೂ ನೋಡಲಿಲ್ಲ. "ನಾಳೇನೂ ತೆಗೆದಿಟ್ಟಿರ್ತೀನಿ. ಈ ಸಲವಾದ್ರೂ ತಡ ಮಾಡ್ಬೇಡ."

ನನ್ನ ಕೋಣೆಯ ನೆಲವೂ ಬಿಸಿಯಾಗಿದೆ. ಕೌದಿ ಹೊದ್ದುಕೊಳ್ಳಲು ಕೈ ಬರುತ್ತಿಲ್ಲ.