ಯಾರೂ ಅಲ್ಲದ ಹುಡುಗಿಯರಿಗಾಗಿ ಅತ್ತವರಿಗೆ

ಅತ್ತಿ,

ನಾನು, ನಿಮ್ಮ ಸೊಸೆ ಶಶಿಕಲಾ. ನೀವಿದ್ದಾಗ ನಿಮ್ಮೆದುರು ನಿಂತು ನಾಲ್ಕು ಮಾತಾಡುವಷ್ಟು ಧೈರ್ಯ ಬರಲು ಒಂದಿಷ್ಟು ದಿನ ಹಿಡಿದಿತ್ತು. ಈಗ ನಿಮಗೆ ಹೇಳದೆ ಇರಲಾಗದಂಥ ಸುದ್ದಿಯೊಂದಿದೆ. ಅದಕ್ಕೆ ಮೊದಲು ಹಳೆಯದನ್ನು ಒಂದಿಷ್ಟು ನೆನೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮದುವೆಯಾಗಿ ಸಿರುಗುಪ್ಪದಿಂದ ಕುರುಗೋಡಿಗೆ ಬಂದ ಹೊಸತು. ನಿಮ್ಮನ್ನು ಕಂಡರೆ ನನ್ನ ಎದೆ ಡವಡವ. ನಿಮ್ಮದು ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಒಂದು ಭಾನುವಾರ ಕೈತುಂಬ ಜೋಳದ ಹಿಟ್ಟು ಮೆತ್ತಿಕೊಂಡು ಅಡುಗೆಮನೆ ಬಾಗಿಲಿಗೆ ಬಂದೆ, ಪಲ್ಯಕ್ಕೆ ಏನು ಹೆಚ್ಚಲಿ ಎಂದು ಕೇಳಲು. ನೀವು ಟಿವಿಯಿಂದ ಕಣ್ಣು ತೆಗೆಯದೆ ಕೈ ಎತ್ತಿದಿರಿ.

"ಅಲ್ಲೇ ನಿಂದ್ರು! ನೀ ಬಂದು ನಿಂತಕೂಡ್ಲೆ ಫೋರ್ ಬಂತು. ಅಲ್ಲಾಡಬ್ಯಾಡ!"

ಇಂಗ್ಲೆಂಡಿನಲ್ಲಿ ನಮ್ಮ ಹೆಣ್ಣುಮಕ್ಕಳು ವಿಶ್ವಕಪ್ ಫೈನಲ್ ಆಡುತ್ತಿದ್ದರು. ಕೈಮೇಲಿನ ಹಿಟ್ಟು ಒಣಗಿ ಬಿರುಕು ಬಿಟ್ಟಿತು, ನಾನು ಕದಲಲಿಲ್ಲ. ನಿಮ್ಮ ಮಗ ನೀರು ಕೇಳಿದರೆ, "ಅವ್ನೇ ತಗೊಂತಾನ, ನೀ ನಿಂದ್ರು" ಎಂದಿರಿ. ಹೊಸ ಸೊಸೆಗೆ ಅಂಥ ರಾಜಯೋಗ ಬೇರೆ ಯಾವ ಮನೆಯಲ್ಲಿ ಸಿಕ್ಕೀತು?

ಗೆಲುವು ಕೈಗೆ ಬಂದೇಬಿಟ್ಟಿತ್ತು. ಆಮೇಲೆ ವಿಕೆಟ್ಟುಗಳು ಒಂದರ ಹಿಂದೊಂದು... ಸೋತೆವು. ನೀವು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಿರಿ. ನಾನು ಹೆದರಿಹೋದೆ.

"ಅತ್ತಿ, ಆ ಹುಡುಗ್ಯಾರು ನಮಗ ಯಾರೂ ಅಲ್ಲಲ್ರಿ. ಯಾಕಿಷ್ಟು ಅಳ್ತೀರಿ?"

"ಯಾರೂ ಅಲ್ಲ ಅಂತ ನೀ ಅಂತಿ. ಆಕಿ ಬಿದ್ರ ನನ್ನ ಮೊಣಕಾಲು ಯಾಕ ನೋಯತೈತಿ, ಹೇಳು ಮತ್ತ?"

ಜೀವಮಾನದಲ್ಲಿ ಬ್ಯಾಟು ಮುಟ್ಟದ ಹೆಂಗಸು, ಎದುರು ಕಂಡೇ ಇರದ ಹುಡುಗಿಯರ ನೋವನ್ನು ಮೈಮೇಲೆ ಎಳೆದುಕೊಂಡು ಅಳುವುದೆಂದರೆ... ನಿಮ್ಮ ಬಗ್ಗೆ ಇದ್ದ ಹೆದರಿಕೆ ಅಂದೇ ಹೋಯಿತು. ಅದರ ಜಾಗಕ್ಕೆ ಬಂದ ಬೆರಗು ಇನ್ನೂ ಹೋಗಿಲ್ಲ.

ಬಳ್ಳಾರಿಯಲ್ಲಿ ಹುಡುಗಿಯರ ಮ್ಯಾಚ್ ಇದೆಯೆಂದು ಯಾರೋ ಹೇಳಿದ ದಿನ ನೆನಪಿದೆಯೇ? "ಟಿವಿ ಮುಂದ ಬಾಯಿ ಮಾಡಿದ್ರ ಅವರಿಗೆ ಕೇಳತೈತೇನು? ನಡಿ, ಹತ್ರ ಹೋಗಿ ಒದರೂಣು" ಎಂದು ನನ್ನನ್ನು ಬಸ್ಸು ಹತ್ತಿಸಿದಿರಿ. ಮೈದಾನದಲ್ಲಿ ನೋಡುವವರೆಂದರೆ ಆಟಗಾರ್ತಿಯರ ಮನೆಯವರು, ಬಿಟ್ಟರೆ ನಾವು. ಬೌಲರ್ ಹುಡುಗಿಯೊಬ್ಬಳಿಗೆ ಒಂದೇ ಓವರಿನಲ್ಲಿ ಸಿಕ್ಕಾಪಟ್ಟೆ ಹೊಡೆತ ಬಿತ್ತು. ಆಕೆ ನಮ್ಮೆದುರಿನ ಬೌಂಡರಿಗೆ ಬಂದು ನಿಂತು ತೋಳಿನಿಂದ ಕಣ್ಣು ಒರೆಸಿಕೊಂಡಳು. ನೀವು ಎದ್ದು ಹಗ್ಗದ ತನಕ ನಡೆದಿರಿ.

"ಯವ್ವಾ, ಇಲ್ಲಿ ನೋಡು. ಹೊಡಿಸ್ಕೊಂಡಾಕಿ ನೀ ಒಬ್ಬಾಕಿನ ಏನು? ಚೆಂಡು ಮತ್ತ ನಿನ್ನ ಕೈಗೇ ಬರತೈತಿ. ಬಂದಾಗ ಒಲ್ಲೆ ಅನಬ್ಯಾಡ."

ಚೆಂಡು ಮತ್ತೆ ಆಕೆಯ ಕೈಗೆ ಬಂತು. ಪ್ರತಿ ಎಸೆತಕ್ಕೂ ನೀವು "ಹಾಕವ್ವ, ಹಾಕು!" ಎಂದು ಒದರಿದ್ದಕ್ಕೆ ಅಂಪೈರ್ ಕೂಡ ತಿರುಗಿ ನೋಡಿದರು. ವಿಕೆಟ್ ಬಿದ್ದಾಗ ಆ ಹುಡುಗಿ ತನ್ನ ತಂಡದವರನ್ನು ಬಿಟ್ಟು ನಿಮ್ಮತ್ತ ಓಡಿಬಂದಳಲ್ಲ! ಅವರ ತಂಡ ಸೋತಿತು, ಅದು ಬೇರೆ ಮಾತು. ಹೊರಡುವ ಮುಂಚೆ ಆಕೆ ಬಂದು, "ಅಮ್ಮಾ, ನೀವು ಯಾರ ಕಡೆಯವರು?" ಎಂದಳು.

"ನಿನ್ನ ಕಡಿಯಾಕಿನವ್ವ."

ಆಮೇಲೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿನ್ನಲು ಕೂತಾಗ ನಿಮ್ಮ ದನಿ ಪೂರ್ತಿ ಹೋಗಿತ್ತು. ಇನ್ನೊಂದು ಮಿರ್ಚಿಯನ್ನು ಕೈಸನ್ನೆಯಲ್ಲೇ ಕೇಳಿದಿರಿ.

ನೀವು ನಮ್ಮನ್ನು ಬಿಟ್ಟುಹೋದ ಬೇಸಿಗೆಯಿಂದ ನಮ್ಮ ಮನೆಯಲ್ಲಿ ಕ್ರಿಕೆಟ್ ಹಚ್ಚಲಿಲ್ಲ. ಯಾರೂ ಬೇಡವೆಂದಿರಲಿಲ್ಲ, ಆದರೂ ರಿಮೋಟಿಗೆ ಕೈ ಹೋಗುತ್ತಿರಲಿಲ್ಲ. ಹುಡುಗಿಯರು ಮತ್ತೆ ವಿಶ್ವಕಪ್ ಫೈನಲ್ಲಿಗೆ ಬಂದಾಗ ನಿಮ್ಮ ಮಗನೇ ಟಿವಿ ಹಚ್ಚಿದರು. "ಬಾ, ಕುಂದ್ರು. ಅವ್ವ ಇದ್ದಿದ್ರ ಬಿಡ್ತಿದ್ಲೇನು?" ಎಂದರು.

ಕೊನೆಯ ವಿಕೆಟ್ಟಿಗೆ ಚೆಂಡು ಮೇಲಕ್ಕೆ ಹಾರಿತು. ನಮ್ಮ ನಾಯಕಿ ಹಿಂದಕ್ಕೆ ಓಡಿದಳು, ಓಡಿದಳು... ಹಿಡಿದಳು! ಮುಂದಾದದ್ದನ್ನು ಹೇಗೆ ಬರೆಯಲಿ? ಅಂದು ಇಂಗ್ಲೆಂಡಿನಲ್ಲಿ ಸೋತು ಬಂದಿದ್ದ ಹಿರಿಯರು, ಈಗ ಆಟ ಬಿಟ್ಟವರು, ಅಲ್ಲೇ ಮೈದಾನದಲ್ಲಿದ್ದರು. ಗೆದ್ದ ಹುಡುಗಿಯರು ಕಪ್ಪನ್ನು ಒಯ್ದು ಅವರ ಕೈಗಿಟ್ಟರು, ಅತ್ತಿ. ನೀವು ಯಾರಿಗಾಗಿ ಅತ್ತಿದ್ದಿರೋ ಅವರೇ ಕಪ್ಪು ಎತ್ತಿ ಹಿಡಿದು ಅಳುತ್ತಿದ್ದರು. ನಿಮ್ಮ ಮಗ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಮರುದಿನ ಬೆಳಿಗ್ಗೆ ಇಬ್ಬರೂ ನಿಮ್ಮ ಸಮಾಧಿಗೆ ಬಂದೆವು. ಅವರು ಹೂವಿಟ್ಟರು. ನಾನು ಮೆಲ್ಲಗೆ ಹೇಳಬೇಕೆಂದುಕೊಂಡಿದ್ದೆ. ಬಾಯಿ ತೆರೆದರೆ ದನಿ ನನ್ನ ಹಿಡಿತದಲ್ಲೇ ಇರಲಿಲ್ಲ. "ಗೆದ್ವಿರಿ, ಅತ್ತಿ! ವಿಶ್ವಕಪ್ಪು ನಮ್ದಾತು!"

ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ತಲೆಯೆತ್ತಿದರು. "ಯಾರು ಗೆದ್ರವ್ವ?" ಎಂದಳು ಒಬ್ಬಾಕೆ.

"ನಮ್ಮ ಹುಡುಗ್ಯಾರು!"

ಅವರು ಕೆಲಸ ಬಿಟ್ಟು, ಕೈಮಣ್ಣು ಝಾಡಿಸಿಕೊಳ್ಳುತ್ತ ಬದು ದಾಟಿ ಬಂದರು. "ಹೆಂಗಾತು? ಎಲ್ಲಾ ಹೇಳು" ಎಂದು ನನ್ನ ಸುತ್ತ ಕೂತರು. ನಾನು ನಿಮ್ಮ ಪಕ್ಕದಲ್ಲೇ ಕೂತು, ಮೊದಲ ಎಸೆತದಿಂದ ಹೇಳತೊಡಗಿದೆ.