ಗುರುವಾರದ ಬಾಟಲಿಗಳು

ಮಾರ್ಚ್ ೩, ಸೋಮವಾರ

ಲೈಬ್ರರಿ ಬೀಗ ತೆಗೆದು, ಕಸ ಗುಡಿಸಿ, ಪೇಪರ್ ಹರಡಿದ್ದಾಯಿತು. 'ಈ ವಾರ ಓದಿ' ಬೋರ್ಡಿಗೆ ಚೀಟಿ ಬೇಕಿತ್ತು. ಒಬ್ಬ ಹೆಂಗಸು ಪುಟ್ಟ ದೋಣಿಯಲ್ಲಿ ಒಂಟಿಯಾಗಿ, ನದಿ ಹುಟ್ಟುವ ಜಾಗದಿಂದ ಸಮುದ್ರದವರೆಗೆ ಹೋದ ನಿಜ ಕಥೆ. ಅರವತ್ತೊಂದು ದಿನ. ದಿನಕ್ಕೊಂದು ಬಾಟಲಿ ನೀರು ತುಂಬಿಟ್ಟುಕೊಳ್ಳುತ್ತಾಳೆ. ಬರೆದೆ: 'ಇದನ್ನು ಓದಿದ ಮೇಲೆ ಹೊಳೆಗೆ ಒಂದು ಚೂರು ಕಾಗದ ಎಸೆಯಲೂ ಕೈ ಬರುವುದಿಲ್ಲ.' ನಾನು ಓದಿದ್ದು ಅರ್ಧ ಮಾತ್ರ. ಅರ್ಧ ಓದಿ ಪೂರ್ತಿ ಹೊಗಳುವುದು ನಮ್ಮ ಕಸುಬಿನ ಕಾಯಿಲೆ.

ಮೊದಲು ಒಯ್ದವಳು ಅಕ್ಕ. ರಿಟೈರಾದ ನರ್ಸ್. ಸುಮ್ಮನೆ ಕೂರಿಸಿದರೆ ಗೋಡೆಗೂ ಇಂಜೆಕ್ಷನ್ ಕೊಡುವವಳು.

ಮಾರ್ಚ್ ೭, ಶುಕ್ರವಾರ

ನಾಲ್ಕೇ ದಿನಕ್ಕೆ ಮುಗಿಸಿದ್ದಾಳೆ. ಪುಸ್ತಕದ ಜೊತೆ ಒಂದು ಬಾಟಲಿ.

"ಸೇತುವೆ ಕೆಳಗಿನ ನೀರು. ಇನ್ಮೇಲೆ ದಿನಾ ತರ್ತೀನಿ, ನಿನ್ನ ಬೀರುವಿನಲ್ಲಿಡು."

"ಹುಚ್ಚು ಹಿಡೀತಾ ನಿಂಗೆ?"

"ಮೂವತ್ತು ವರ್ಷ ಊರವರ ಮೂತ್ರ ಟೆಸ್ಟಿಗೆ ಕಳ್ಸಿದೀನಿ. ಹೊಳೇದು ಕಳಿಸಬಾರ್ದಾ?"

ನಕ್ಕುಬಿಟ್ಟೆ. ಪುಸ್ತಕಕ್ಕೆ ಹೊಡೆಯುವ ತಾರೀಖಿನ ಸೀಲನ್ನೇ ಚೀಟಿಗೆ ಹೊಡೆದು ಬಾಟಲಿಗೆ ಅಂಟಿಸಿದೆ.

ಮಾರ್ಚ್ ೨೧, ಶುಕ್ರವಾರ

ಹದಿನೈದು ಬಾಟಲಿ. ಹದಿಮೂರು ತಿಳಿ. ಎರಡು ನೇರಳೆ... ೧೩ ಮತ್ತು ೨೦. ಎರಡೂ ಗುರುವಾರ.

ಅಕ್ಕ ಆಗಲೇ ಮಾಲಿನ್ಯದ ಆಫೀಸಿಗೆ ದೂರು ಕೊಟ್ಟಿದ್ದಾಳೆ. "ಹೊಳೆ ಮೇಲ್ಗಡೆ ಇರೋದು ಬಣ್ಣದ ಫ್ಯಾಕ್ಟರಿ ಒಂದೇ. ನಿಮ್ಮನೆಯವರಿಗೆ ಏನಾದ್ರೂ ಗೊತ್ತಿರುತ್ತೆ, ಕೇಳು."

ಇವರು ಅಲ್ಲಿ ಸೂಪರ್‌ವೈಸರ್. ಗುರುವಾರ ಬೆಳಗಿನ ಶಿಫ್ಟ್ ಇವರದೇ. ಅಕ್ಕನಿಗೆ ಅದು ಗೊತ್ತಿಲ್ಲ.

ಸಂಜೆ ೭

ಕೇಳಿದೆ. ಮುಖ ಒರೆಸುತ್ತಲೇ ಇದ್ದರು, ಒದ್ದೆ ಆರಿದ ಮೇಲೂ.

"ವಾರಕ್ಕೆ ಕೊಳಕು ನೀರಿನ ಟ್ಯಾಂಕ್ ತುಂಬುತ್ತೆ ಕಣೇ. ನೀರು ಶುದ್ಧ ಮಾಡೋ ಮೆಷಿನ್ ಕೆಟ್ಟು ವರ್ಷ ಆಯ್ತು. ಮೇಲಿನವರು ವಾಲ್ವ್ ತಿರುಗಿಸು ಅಂತಾರೆ, ತಿರುಗಿಸ್ತೀನಿ. ನಾನಲ್ಲದಿದ್ರೆ ಇನ್ನೊಬ್ಬ."

"ಮಕ್ಕಳು ಈಜ್ತಾರೆ ರೀ ಅಲ್ಲಿ."

"ನಂಗೊತ್ತಿಲ್ವಾ?"

ಗೊತ್ತು. ಗೊತ್ತಿದ್ದೂ ಮಾಡುತ್ತಿದ್ದಾರೆ. ಅದೇ ನನಗೆ ಹೆದರಿಕೆ.

ಮಾರ್ಚ್ ೩೦, ಭಾನುವಾರ

ಬರೆಯಲು ಕೂತರೆ ಕೈ ಓಡಲಿಲ್ಲ ಇಷ್ಟು ದಿನ. ೨೭ರದ್ದೂ ನೇರಳೆ.

ಪುಸ್ತಕದ ಉಳಿದರ್ಧ ಇವತ್ತು ಓದಿದೆ. ದೋಣಿಯವಳು ಒಂದು ಬಾಟಲಿ ಚೆಲ್ಲಿದ್ದಾಳೆ! ಯಾವುದೋ ಊರಲ್ಲಿ ಜ್ವರ ಬಂದಾಗ ಒಂದು ಮನೆಯವರು ಹಾಸಿಗೆ ಕೊಟ್ಟು ನೋಡಿಕೊಂಡರಂತೆ. ಹೊಳೆಗೆ ಕೊಳಕು ಬಿಡುತ್ತಿದ್ದವರೂ ಅವರೇ; ಅವರಿಗಾಗಿ ಆ ಊರಿನ ನೀರು ಚೆಲ್ಲಿದಳು. ಸಮುದ್ರದವರೆಗೆ ಅವಳ ಜೊತೆ ಹೋದದ್ದು ಅರವತ್ತೇ ಬಾಟಲಿ. ಆಮೇಲೆ ಯಾವ ನೀರು ಕುಡಿದರೂ ಆ ಊರೇ ನೆನಪಾಗುತ್ತಿತ್ತು ಎಂದು ಬರೆದುಕೊಂಡಿದ್ದಾಳೆ. ಇಷ್ಟು ಓದದೆ ನಾನು ಚೀಟಿ ಬರೆದಿದ್ದೆ.

ಮಂಗಳವಾರ ಮಾಲಿನ್ಯದ ಆಫೀಸಿನ ಇನ್‌ಸ್ಪೆಕ್ಟರ್ ಬರುತ್ತಾರೆ. ಇವರಿಗೂ ಸುದ್ದಿ ಮುಟ್ಟಿದೆ.

"ಮೂರೇ ಮೂರು ಬಾಟಲಿ. ಚೆಲ್ಲಿಬಿಡು. ಬೀಗದಕೈ ನಿನ್ನ ಹತ್ರ ತಾನೇ ಇರೋದು? ಕೆಲ್ಸ ಹೋದ್ರೆ ಈ ವಯಸ್ಸಲ್ಲಿ ನನ್ನ ಯಾರು ಕರೀತಾರೆ?"

ಇಪ್ಪತ್ತೆರಡು ವರ್ಷದಲ್ಲಿ ಇವರು ನನ್ನನ್ನು ಏನೂ ಬೇಡಿದವರಲ್ಲ. ಬಿಸಿ ತುಪ್ಪ. ನುಂಗಲಾರೆ, ಉಗುಳಲಾರೆ.

ಏಪ್ರಿಲ್ ೧, ಮಂಗಳವಾರ, ಬೆಳಿಗ್ಗೆ ೮.೩೦

ಬೀರು ತೆಗೆದೆ. ೧೩ರದ್ದನ್ನು ಸಿಂಕಿನವರೆಗೆ ಒಯ್ದೆ. ಮುಚ್ಚಳ ತಿರುವಿದೆ. ವಾಸನೆ — ಇವರ ಅಂಗಿಯದ್ದೇ. ಇಷ್ಟು ವರ್ಷ ಒಗೆದಿದ್ದೇನೆ, ಗುರುತು ಸಿಗದೇ ಇರುತ್ತದೆಯೇ? ಅಳು ಬಂತು. ಮುಚ್ಚಿ ವಾಪಸ್ ಇಟ್ಟೆ.

ಸಂಜೆ ೫.೪೦

ಇನ್‌ಸ್ಪೆಕ್ಟರ್ ಬಾಟಲಿಗಳನ್ನೆಲ್ಲ ಪೆಟ್ಟಿಗೆಗೆ ಹಾಕಿಸಿದರು.

"ಸೀಲ್ ಯಾರದು?"

"ನಂದು."

"ಗುರುವಾರ ಅಲ್ಲಿ ಯಾರ ಡ್ಯೂಟಿ, ಗೊತ್ತಾ?"

"ಅದೆಲ್ಲಾ ನಮಗೆಲ್ಲಿ ಗೊತ್ತಾಗುತ್ತೆ ಸಾರ್," ಅಂದಳು ಅಕ್ಕ.

"ನಂಗೊತ್ತು," ಅಂದೆ. "ನಮ್ಮನೆಯವರದ್ದು. ವಾಲ್ವ್ ತಿರುಗಿಸು ಅಂತ ಹೇಳೋರು ಯಾರು ಅಂತಾನೂ ಅವರನ್ನೇ ಕೇಳಿ."

ಅಕ್ಕ ತಟ್ಟನೆ ನನ್ನತ್ತ ತಿರುಗಿದಳು. ಜೀಪು ಹೋದ ಮೇಲೆ ಕೇಳಿದಳು, "ನಂಗೆ ಮೊದ್ಲೇ ಹೇಳಬಾರ್ದಿತ್ತೇನೇ?"

"ಹೇಳಿದ್ರೆ ನೀನೇ ಚೆಲ್ಲಿರ್ತಿದ್ದೆ ಅಕ್ಕ."

"ಚೆಲ್ತಿದ್ದೆ," ಅಂದಳು.

ಮನೆಯ ಗೇಟಿನ ಸದ್ದು. ಇವರು. ಚಪ್ಪಲಿ ಬಿಡುತ್ತಿದ್ದಾರೆ. ಶಿಳ್ಳೆ ಹಾಕುತ್ತಿದ್ದಾರೆ... ಎಷ್ಟು ದಿನವಾಗಿತ್ತು ಕೇಳಿ. ಚೆಲ್ಲಿದ್ದೇನೆ ಎಂದುಕೊಂಡೇ ಬಂದಿದ್ದಾರೆ. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಎದ್ದು ಹೋಗಿ ಹೇಳುತ್ತೇನೆ.